ಕೇಳಿ ಕೊಳ್ಳಬೇಕಾದ ವಸ್ತು

ಈಚಿನ ಕೆಲವು ವರ್ಷಗಳಲ್ಲಿ ಕಾಫಿಯ ಧಾರಣೆ ನಮ್ಮ ಹಿರಿಯರು ಕಂಡರಿಯದ ಎತ್ತರಕ್ಕೆ ಏರಿದುದರ ಫಲವಾಗಿ, ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಸುತ್ತಿನ ತೋಟದ ಮನೆಗಳಲ್ಲಿ ವರ್ಷವರ್ಷವೂ ಮುಂದಕ್ಕೆ ಹೋಗುತ್ತಿದ್ದ ಎಷ್ಟೋ ಅಪೇಕ್ಷೆಗಳು ಒಂದೊಂದಾಗಿ ತಲೆಯೆತ್ತುತ್ತಿವೆ. ಸೋರುತ್ತಿದ್ದ ಮಾಡಿಗೆ ಹೊಸ ಹಂಚು ಬಂದಿದೆ. ಕಣಕ್ಕೆ ಸಿಮೆಂಟು ಬಿದ್ದಿದೆ. ಬ್ಯಾಂಕಿನ ಹಳೆಯ ಸಾಲ ತೀರಿದೆ. ಈ ದೊಡ್ಡ ಆವಶ್ಯಕತೆಗಳೆಲ್ಲ ಒಂದು ಮಟ್ಟಿಗೆ ಪೂರೈಸಿದ ಮೇಲೆ, ಸಂಗೀತದಲ್ಲಿ ಆಸ್ಥೆಯುಳ್ಳವರ ಮನಸ್ಸಿನಲ್ಲಿ ಇನ್ನೊಂದು ಆಸೆ ಮೆಲ್ಲಗೆ ಮೂಡುವುದುಂಟು: ಈಗ ಕಿವಿಯ ಮೇಲಿರುವ ಎರಡು ಮೂರು ಸಾವಿರ ರೂಪಾಯಿಯ ಹೆಡ್‌ಫೋನನ್ನು ಬದಿಗಿರಿಸಿ, ಮೂವತ್ತು ನಲವತ್ತು ಸಾವಿರದ, ಕೈಗೂಡಿದರೆ ಲಕ್ಷದ ಬೆಲೆಯ, ನಾದರಸಿಕರು ‘ಆಡಿಯೋಫೈಲ್’ ದರ್ಜೆಯದೆಂದು ಕೊಂಡಾಡುವ ಒಂದನ್ನು ತರಿಸಿಕೊಳ್ಳಬಾರದೇಕೆ?

ಇದು ಲಘುವಾಗಿ ಕಾಣತಕ್ಕ ಆಸೆಯಲ್ಲ. ತೋಟದ ಬದುಕು ಬಹುಮಟ್ಟಿಗೆ ಏಕಾಂತದ ಬದುಕು. ನೆರೆಮನೆ ಒಂದು ಗುಡ್ಡದಾಚೆ ಇರುತ್ತದೆ. ರಾಮೋತ್ಸವದ ಕಚೇರಿಗಳು, ಸಂಗೀತ ಸಭೆಗಳು ನಡೆಯುವ ಮೈಸೂರು ಬೆಂಗಳೂರುಗಳು ಘಟ್ಟದ ತಿರುವುಗಳಾಚೆ, ಮಳೆಗಾಲದಲ್ಲಿ ಇನ್ನೂ ದೂರವೆನಿಸುವ ಊರುಗಳು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿ ಅದನ್ನು ‘ಆಕಾಶವಾಣಿ’ಯೆಂದು ಕರೆದ ಕಾಲದಿಂದ ಮೊದಲ್ಗೊಂಡು ಇಂದಿನ ಪರ್ಯಂತ, ಈ ಬೆಟ್ಟಗಳ ಮನೆಗಳಿಗೆ ಉತ್ತಮ ಸಂಗೀತವು ಯಂತ್ರದ ಮೂಲಕವೇ ಬಂದಿದೆ. ಆದುದರಿಂದ ಇಲ್ಲಿಯ ಶ್ರೋತೃವಿಗೆ ಹೆಡ್‌ಫೋನು ಒಂದು ವಿಲಾಸವಸ್ತುವಲ್ಲ, ಅವನಿಗಿರುವ ಏಕೈಕ ಸಭಾಮಂದಿರ. ಆ ಮಂದಿರವನ್ನು ಉತ್ತಮಪಡಿಸಿಕೊಳ್ಳಬೇಕೆಂಬ ಇಚ್ಛೆ ಸಹಜವೂ ಗೌರವಾರ್ಹವೂ ಆದದ್ದು.

ಆದರೆ ಇಲ್ಲಿ ಒಂದು ವಿಶೇಷವಾದ ತೊಡಕಿದೆ. ಹೆಡ್‌ಫೋನು ಕೇಳಿ ನೋಡಿಯೇ ಕೊಳ್ಳಬೇಕಾದ ವಸ್ತು. ಕೇಳಿ ನೋಡುವ ಅನುಕೂಲವೋ ನಮ್ಮ ಊರುಗಳಲ್ಲಿಲ್ಲ. ಮೂಡಿಗೆರೆಯ ಮೊಬೈಲ್ ಅಂಗಡಿಯಲ್ಲಿ ಗಾಜಿನ ಹಿಂದೆ ತೂಗುವವು ಅಗ್ಗದವು. ಬೆಲೆಯುಳ್ಳವನ್ನು ಪೆಟ್ಟಿಗೆಯ ಚಿತ್ರ ನೋಡಿ, ಬಲ್ಲವರೆನಿಸಿಕೊಂಡವರ ವರ್ಣನೆ ಓದಿ, ಕೊರಿಯರಿನಲ್ಲಿ ತರಿಸಿಕೊಳ್ಳಬೇಕು. ಕಿವಿ ಮಾಡಬೇಕಾದ ನಿರ್ಣಯವನ್ನು ಹೀಗೆ ಕಣ್ಣು ಮಾಡುತ್ತದೆ, ಮತ್ತು ಕಣ್ಣಿಗೆ ಎಲ್ಲಕ್ಕಿಂತ ಮೊದಲು ಕಾಣುವುದು ಬೆಲೆ. ಬೆಲೆ ಹೆಚ್ಚಾದಂತೆಲ್ಲ ನಾದವೂ ಉತ್ತಮವಾಗಲೇಬೇಕೆಂಬ ನಂಬಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಹೆಡ್‌ಫೋನಿನ ಮೂಲತತ್ತ್ವ ಸರಳವಾದದ್ದು. ವಿದ್ಯುತ್ತಿನ ಏರಿಳಿತಕ್ಕೆ ಅನುಗುಣವಾಗಿ ಒಂದು ತೆಳುವಾದ ಪೊರೆ ಕಂಪಿಸುತ್ತದೆ. ಆ ಕಂಪನ ಗಾಳಿಯಲ್ಲಿ ಅಲೆಯಾಗಿ ಕಿವಿಯನ್ನು ಸೇರುತ್ತದೆ. 1910ರಲ್ಲಿ ಅಮೆರಿಕದ ಯೂಟಾ ಪ್ರಾಂತದ ನಥಾನಿಯೆಲ್ ಬಾಲ್ಡ್ವಿನ್ ಎಂಬಾತ ತನ್ನ ಅಡುಗೆಮನೆಯಲ್ಲಿ ಕುಳಿತು ಮಾಡಿದ ಜೋಡಿ ಶ್ರವಣಯಂತ್ರಗಳನ್ನು ಕೊಂಡದ್ದು ಅಲ್ಲಿಯ ನೌಕಾದಳ, ತಂತಿರಹಿತ ಸಂದೇಶಗಳನ್ನು ಆಲಿಸುವುದಕ್ಕಾಗಿ. ಸಂಗೀತಕ್ಕೆಂದೇ ಸ್ಟೀರಿಯೋ ಹೆಡ್‌ಫೋನನ್ನು ಮಿಲ್‌ವಾಕಿಯ ಜಾನ್ ಕಾಸ್ 1958ರಲ್ಲಿ ಹೊರತಂದರು. ಜರ್ಮನಿಯ ಸೆನ್‌ಹೈಸರ್ ಸಂಸ್ಥೆ 1968ರಲ್ಲಿ ಎಚ್‌ಡಿ 414 ಎಂಬ, ಹಿಂಬದಿ ತೆರೆದಿರುವ ಮಾದರಿಯನ್ನು ಮಾಡಿತು. 1979ರಲ್ಲಿ ಸೋನಿಯ ವಾಕ್‌ಮನ್ ಬಂದು ಹೆಡ್‌ಫೋನನ್ನು ಬೀದಿಗೂ ಬಸ್ಸಿಗೂ ಒಯ್ದಿತು. ಇಂದು ಸಾವಿರ ರೂಪಾಯಿಯದರಲ್ಲಿಯೂ ಲಕ್ಷದ್ದರಲ್ಲಿಯೂ ಬಹುಮಟ್ಟಿಗೆ ಇರುವುದು ಅದೇ ಅಯಸ್ಕಾಂತ, ಅದೇ ತಂತಿಯ ಸುರುಳಿ, ಅದೇ ಪೊರೆ. ಪೊರೆಯ ಮೈಮೇಲೆಯೇ ವಾಹಕವನ್ನು ಹಾಸಿ ಅದನ್ನು ಅಯಸ್ಕಾಂತಗಳ ನಡುವೆ ನಿಲ್ಲಿಸುವ ‘ಪ್ಲೇನಾರ್’ ಜಾತಿಯೊಂದುಂಟು. ವಿದ್ಯುದಾವೇಶ ತುಂಬಿದ ಅತಿಸೂಕ್ಷ್ಮ ಪೊರೆಯನ್ನು ರಂಧ್ರಗಳುಳ್ಳ ಎರಡು ತಗಡುಗಳ ಮಧ್ಯೆ ತೂಗಬಿಡುವ ‘ಎಲೆಕ್ಟ್ರೋಸ್ಟ್ಯಾಟಿಕ್’ ಜಾತಿ ಇನ್ನೊಂದು. 2015ರಲ್ಲಿ ಪ್ರಕಟವಾದ ಸೆನ್‌ಹೈಸರ್ ಎಚ್‌ಇ 1 ಈ ಎರಡನೆಯ ಜಾತಿಗೆ ಸೇರಿದ್ದು. ಅಮೃತಶಿಲೆಯ ಪೀಠದೊಡನೆ ಬಂದ ಅದರ ಅಂದಿನ ಬೆಲೆ ಸುಮಾರು 50,000 ಯೂರೋ.

ಬೆಲೆಗೂ ನಾದಕ್ಕೂ ಇರುವ ಸಂಬಂಧವನ್ನು ಕೆಲವರು ಅಳೆದು ನೋಡಿದ್ದಾರೆ. 2017ರಲ್ಲಿ ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿ, ಮಂದ್ರದಿಂದ ತಾರದವರೆಗೆ ಯಾವ ಸ್ವರವನ್ನು ಎಷ್ಟು ಗಟ್ಟಿಯಾಗಿ ನುಡಿಸುತ್ತದೆಂಬ ಗುಣಕ್ಕೂ ಅಂಗಡಿಯ ಬೆಲೆಗೂ ನಡುವೆ ಸಂಬಂಧವೇ ಕಾಣಲಿಲ್ಲವೆಂದು ಅಮೆರಿಕದ ಧ್ವನಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ಬರೆದರು. ಹೆಡ್‌ಫೋನಿನ ರುಚಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವ ಗುಣವೇ ಅದು. ಹಾರ್ಮನ್ ಸಂಸ್ಥೆಯ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ ಅವರೂ ಕಳೆದ ದಶಕದಲ್ಲಿ, ಯಾವುದು ಎಂಬ ಗುರುತು ಹತ್ತದಂತೆ ಅನೇಕ ಶ್ರೋತೃಗಳಿಗೆ ಕೇಳಿಸಿ ಪರೀಕ್ಷಿಸಿದರು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರು ನುಡಿದಾಗ ಕಿವಿಗೆ ಬೀಳುವ ಸಮತೋಲವನ್ನು ಹೋಲುವ ಹೆಡ್‌ಫೋನುಗಳನ್ನೇ ಬಹುಮಂದಿ ಮೆಚ್ಚಿದರು. ಆ ಸಮತೋಲ ದುಬಾರಿಯಾದದ್ದರಲ್ಲಿ ಇದ್ದೇ ತೀರಬೇಕೆಂಬ ನಿಯಮವಿಲ್ಲ; ಅಗ್ಗದ್ದರಲ್ಲಿ ಇರಬಾರದೆಂಬ ನಿಷೇಧವೂ ಇಲ್ಲ.

ಹಾಗೆಂದು ಬೆಲೆಯೆಲ್ಲ ವ್ಯರ್ಥವೆಂದು ಹೇಳುವುದು ಅನ್ಯಾಯವಾದೀತು. ಫೋನಿನ ಪೆಟ್ಟಿಗೆಯಲ್ಲಿ ಉಚಿತವಾಗಿ ಬರುತ್ತಿದ್ದ ಕಿವಿಬಿರಡೆಯಿಂದ ನಾಲ್ಕೈದು ಸಾವಿರ ರೂಪಾಯಿಯ ಸದಭಿಪ್ರಾಯ ಪಡೆದ ಒಂದು ಹೆಡ್‌ಫೋನಿಗೆ ಬಂದವರು, ತಾವು ಬಾಯಿಪಾಠವಾಗಿ ಬಲ್ಲ ಹಾಡಿನಲ್ಲಿಯೇ ಹಿಂದೆ ಕೇಳದ ಒಂದು ಲೋಕವನ್ನು ಕೇಳುತ್ತಾರೆ. ಮಲ್ಲಿಕಾರ್ಜುನ ಮನ್ಸೂರರ ಕೊನೆಗಾಲದ ಯಾವುದಾದರೊಂದು ಶುಭ್ರವಾದ ಧ್ವನಿಮುದ್ರಣವನ್ನು ಹಾಕಿಕೊಂಡು, ಕಣ್ಣುಮುಚ್ಚಿ, ಗಾಯನಕ್ಕೆ ಮೊದಲು ಒಂದು ನಿಮಿಷ ತಂಬೂರಿಯನ್ನು ಮಾತ್ರ ಆಲಿಸಿ ನೋಡಿರಿ. ಕೀಳಾದ ಯಂತ್ರದಲ್ಲಿ ಅದು ಒಂದೇ ಗುಂಯ್‌ಗುಡುವಿಕೆಯಾಗಿ ಹಿಂದೆ ನಿಂತಿರುತ್ತದೆ. ಉತ್ತಮವಾದುದರಲ್ಲಿ ನಾಲ್ಕು ತಂತಿಗಳು ನಾಲ್ಕಾಗಿ ಕೇಳುತ್ತವೆ. ಕುದುರೆಯ ಮೇಲೆ ಸಿಕ್ಕಿಸಿದ ನೂಲಿನೆಳೆಯಿಂದ ಹುಟ್ಟುವ ಆ ಜೀವಾಳಿಯ ಝೇಂಕಾರ ಒಂದೊಂದು ಮೀಟಿಗೂ ಅರಳಿ, ಬಣ್ಣ ಬದಲಿಸಿ, ಮುಂದಿನ ಮೀಟಿನೊಳಗೆ ಕರಗುವುದು ಸ್ಪಷ್ಟವಾಗುತ್ತದೆ. ಮೇಲೆ ಸ್ವರವೆತ್ತುವ ಮೊದಲು ಆ ವೃದ್ಧ ಗಾಯಕರು ಎಳೆದುಕೊಂಡ ಉಸಿರು, ತಬಲೆಯ ಎಡದ ಮೇಲೆ ಅಂಗೈ ಒತ್ತಿದಾಗ ನಾದ ಮೇಲಕ್ಕೆ ಜಾರುವ ಆ ಕ್ಷಣ, ಹಾರ್ಮೋನಿಯಮ್ಮು ಗಾಯಕನನ್ನು ಒಂದು ಕೂದಲೆಳೆ ಹಿಂದಿನಿಂದ ಅನುಸರಿಸುವ ವಿನಯ — ಇವೆಲ್ಲ ಶ್ರವಣಸುಖಕ್ಕೆ ಸೇರಿದ ಸಂಗತಿಗಳು. ಇವನ್ನು ಕೇಳಿದವನು ಮರಳಿ ಹಳೆಯದಕ್ಕೆ ಹೋಗಲೊಲ್ಲ. ಈ ಮೊದಲ ಮೆಟ್ಟಿಲನ್ನು ಹತ್ತದೆ ಇರುವವರು ಹತ್ತಲಿ ಎಂದೇ ನನ್ನ ಸಲಹೆ. ಅಲ್ಲಿಂದ ಹದಿನೈದು ಇಪ್ಪತ್ತು ಸಾವಿರಕ್ಕೆ ಏರಿದಾಗಲೂ ಒಂದಷ್ಟು ಲಾಭವುಂಟು. ಆಮೇಲೆ ಮಾತ್ರ, ಹಣ ಇಮ್ಮಡಿ ಮುಮ್ಮಡಿಯಾದರೂ ಕಿವಿಗೆ ದಕ್ಕುವ ವ್ಯತ್ಯಾಸ ಕ್ಷೀಣಿಸುತ್ತ ಹೋಗಿ, ಕೊನೆಗೆ ಉತ್ತಮ ಅಧಮಗಳ ಭೇದವಾಗಿರದೆ ಬರಿಯ ಅಭಿರುಚಿಯ ಭೇದವಾಗಿ ಉಳಿಯುತ್ತದೆ.

ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು: ಮೂಲದಲ್ಲಿ ಇಲ್ಲದ ನಾದವನ್ನು ಯಾವ ಹೆಡ್‌ಫೋನೂ ಕೊಡಲಾರದು. ಕನ್ನಡದ ಶ್ರೋತೃ ತನ್ನ ಮೆಚ್ಚಿನ ಸಂಗ್ರಹವನ್ನು ಒಮ್ಮೆ ಪರಿಶೀಲಿಸಿಕೊಳ್ಳಬೇಕು. ಮನ್ಸೂರರೂ ಗಂಗೂಬಾಯಿ ಹಾನಗಲ್ಲರೂ ತಮ್ಮ ಯೌವನದಲ್ಲಿ ಹಾಡಿದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳಿಗೆ. ಒಂದು ಮುಖಕ್ಕೆ ಮೂರು ಮೂರೂವರೆ ನಿಮಿಷ. ಮನುಷ್ಯನ ಕಿವಿ 20ರಿಂದ 20,000 ಹರ್ಟ್ಸ್‌ವರೆಗಿನ ಕಂಪನವನ್ನು ಗ್ರಹಿಸಬಲ್ಲುದಾದರೂ, ಆ ಕಾಲದ ತಟ್ಟೆಗಳಲ್ಲಿ ಉಳಿದಿರುವುದು ಅದರ ನಡುವಣ ಒಂದು ಭಾಗ ಮಾತ್ರ. ಮೀಡಿಯಂ ವೇವಿನ ರೇಡಿಯೋ ಪ್ರಸಾರದಿಂದ ಮುದ್ರಿಸಿಕೊಂಡದ್ದೂ ಅಷ್ಟೆ. ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದು ನಾಡಿನ ಮನೆಮನೆಯನ್ನೂ ಸೇರಿತಷ್ಟೆ. ಆ ಕ್ಯಾಸೆಟ್ ಯುಗದ ಎಷ್ಟೋ ಭಾವಗೀತೆಗಳು ಇಂದು ಫೋನಿನಲ್ಲಿ ದೊರೆಯುತ್ತಿರುವುದು ಹಳೆಯ ಟೇಪಿನಿಂದ, ಒಮ್ಮೊಮ್ಮೆ ಸವೆದ ಟೇಪಿನಿಂದ, ಇಳಿಸಿಕೊಂಡ ರೂಪದಲ್ಲಿ. ಇಂಥವನ್ನು ಲಕ್ಷ ರೂಪಾಯಿಯ ಹೆಡ್‌ಫೋನಿನಲ್ಲಿ ಕೇಳಿದಾಗ ಹಾಡಿನೊಡನೆ ಟೇಪಿನ ಸುಯ್ಲೂ, ತಟ್ಟೆಯ ಚಟಚಟ ಸದ್ದೂ, ತಪ್ಪಾಗಿ ಇಳಿಸಿಕೊಂಡದ್ದರ ಕರ್ಕಶತೆಯೂ ನಿಷ್ಕರುಣೆಯಿಂದ ಎದ್ದು ಕಾಣುತ್ತವೆ. ಮಿತವಾದ ತಾರವುಳ್ಳ ಸೌಮ್ಯ ಸ್ವಭಾವದ ಹೆಡ್‌ಫೋನಿನಲ್ಲಿ ಅದೇ ಹಾಡು ಹೃದಯಕ್ಕೆ ಹತ್ತಿರವಾಗುತ್ತದೆ. ತಮ್ಮ ಸಂಗ್ರಹದ ಮುಕ್ಕಾಲು ಪಾಲು ಇಂಥ ಹಳೆಯ ಮುದ್ರಣಗಳೇ ಆಗಿರುವವರು ಹಣವನ್ನು ಹೆಡ್‌ಫೋನಿಗಿಂತ ಮೊದಲು ಅವೇ ಹಾಡುಗಳ ಉತ್ತಮ ಪ್ರತಿಗಳನ್ನು ಅರಸುವುದಕ್ಕೆ ವೆಚ್ಚಮಾಡುವುದು ಲೇಸು.

ಇದರೊಡನೆ ‘ಹೈ ರೆಸಲ್ಯೂಷನ್’ ಎಂಬ ಹೆಸರಿನಲ್ಲಿ ಹೆಚ್ಚಿನ ಶುಲ್ಕಕ್ಕೆ ಮಾರುವ ಧ್ವನಿಯ ವಿಷಯವಾಗಿ ಒಂದು ಮಾತು. ಇ. ಬ್ರ್ಯಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಎಂಬಿಬ್ಬರು ಅಂಥ ಧ್ವನಿಯನ್ನೂ ಅದನ್ನೇ ಸಾಧಾರಣ ಸಿ.ಡಿ.ಯ ಮಟ್ಟಕ್ಕೆ ಇಳಿಸಿದ ರೂಪವನ್ನೂ ಗುರುತು ಹೇಳದೆ ಕೇಳಿಸಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. 554 ಬಾರಿಯ ಪರೀಕ್ಷೆಯಲ್ಲಿ ಸರಿಯುತ್ತರ ಬಂದದ್ದು 276 ಬಾರಿ. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು.

ಇನ್ನು ನಮ್ಮ ಮಲೆನಾಡಿನ ವಿಶೇಷ ಪರಿಸ್ಥಿತಿಗೆ ಬರೋಣ. ಪೇಟೆಯವರು ಬರೆದ ವರ್ಣನೆಗಳಲ್ಲಿ ಇದರ ಪ್ರಸ್ತಾಪವೇ ಇರುವುದಿಲ್ಲವಾದ್ದರಿಂದ ಇದನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ನಾದರಸಿಕರು ಅತಿಯಾಗಿ ಹೊಗಳುವ ಹೆಡ್‌ಫೋನುಗಳಲ್ಲಿ ಹೆಚ್ಚಿನವು ಹಿಂಬದಿ ತೆರೆದಿರುವಂಥವು. ಬೋಗುಣಿಯ ಹೊರಮೈಯಲ್ಲಿ ಜಾಲರಿಯಿದ್ದು ಗಾಳಿ ಸರಾಗವಾಗಿ ಆಡುವುದರಿಂದ ಅವುಗಳ ನಾದ ತಲೆಯೊಳಗೆ ಒತ್ತಿ ಕೂತಂತಿರದೆ ವಿಶಾಲವಾಗಿ ಹರಡಿಕೊಳ್ಳುತ್ತದೆಂಬುದು ನಿಜ. ಆದರೆ ಒಳಗಿನ ನಾದ ಹೊರಕ್ಕೆ ಹೋಗುವ ದಾರಿಯಲ್ಲಿಯೇ ಹೊರಗಿನ ಸದ್ದೂ ಒಳಕ್ಕೆ ಬರುತ್ತದೆ. ಆಷಾಢದ ಒಂದು ರಾತ್ರಿ, ಜಿಂಕ್ ಶೀಟಿನ ಮಾಡಿನ ಮೇಲೆ ಕಳಸದ ಕಡೆಯ ಜಡಿಮಳೆ ಸುರಿಯುತ್ತಿರುವಾಗ, ಪಕ್ಕದಲ್ಲಿ ಕುಳಿತವರ ಮಾತೇ ಕೇಳಿಸದಿರುವಲ್ಲಿ, ತಂಬೂರಿಯ ಜೀವಾಳಿ ಎಲ್ಲಿಂದ ಕೇಳೀತು? ಮಳೆ ನಿಂತ ಇರುಳುಗಳಲ್ಲಿ ಜೀರುಂಡೆಗಳ ಕೂಗು ಅಷ್ಟೇ ಅವಿರತವಾದುದು. ಜೂನಿನಿಂದ ಸೆಪ್ಟೆಂಬರಿನವರೆಗೆ, ಎಂದರೆ ಹೊರಗಿನ ಕೆಲಸ ಕಡಮೆಯಾಗಿ ಮನೆಯೊಳಗೆ ಕುಳಿತು ಕೇಳುವುದಕ್ಕೆ ಅತ್ಯಂತ ಹೆಚ್ಚಿನ ವಿರಾಮ ದೊರೆಯುವ ಆ ನಾಲ್ಕು ತಿಂಗಳಲ್ಲಿಯೇ, ಐವತ್ತು ಸಾವಿರದ ತೆರೆದ ಹೆಡ್‌ಫೋನು ಐದು ಸಾವಿರದ ಮುಚ್ಚಿದ ಹೆಡ್‌ಫೋನಿಗಿಂತ ಕಡಮೆ ಸಂಗೀತವನ್ನು ಕೇಳಿಸುತ್ತದೆ.

ಹೊರಗಿನ ಸದ್ದನ್ನು ವಿದ್ಯುತ್ತಿನ ಯುಕ್ತಿಯಿಂದ ಅಳಿಸುವ ಹೆಡ್‌ಫೋನುಗಳು ಈಗ ಎಲ್ಲೆಡೆ ದೊರೆಯುತ್ತವೆ. ಅವು ಹೊರಗಿನ ಶಬ್ದವನ್ನು ಸಣ್ಣ ಮೈಕಿನಿಂದ ಗ್ರಹಿಸಿ, ಅದಕ್ಕೆ ಸರಿಯಾಗಿ ವಿರುದ್ಧವಾದ ಅಲೆಯನ್ನು ಹುಟ್ಟಿಸಿ, ಎರಡನ್ನೂ ಲಯಗೊಳಿಸುತ್ತವೆ. ಜನರೇಟರಿನ ಏಕತಾನದ ಗುಡುಗುಡು, ಬಸ್ಸಿನ ಎಂಜಿನ್ನಿನ ಮೊರೆತ — ಇಂಥ ಕೆಳಸ್ಥಾಯಿಯ, ನಿರಂತರವಾದ ಸದ್ದನ್ನು ಅವು ಚೆನ್ನಾಗಿ ಅಡಗಿಸಬಲ್ಲವು. ತಗಡಿನ ಮೇಲಣ ಮಳೆಯ ಚಟಪಟವಾಗಲಿ ಜೀರುಂಡೆಯ ಕೂಗಾಗಲಿ ಮೇಲಣ ಸ್ಥಾಯಿಗೆ ಸೇರಿದ್ದರಿಂದ, ಅವುಗಳ ಮುಂದೆ ಆ ಯುಕ್ತಿ ನಡೆಯದು. ಅಲ್ಲಿ ಕೆಲಸಕ್ಕೆ ಬರುವುದು ಕಿವಿಯನ್ನು ಸುತ್ತಲೂ ಬಿಗಿಯಾಗಿ ಮುಚ್ಚುವ ದಪ್ಪನೆಯ ಮೆತ್ತೆ, ಇಲ್ಲವೆ ಕಿವಿಯೊಳಗೆ ಸರಿಯಾಗಿ ಕೂರುವ ಬಿರಡೆ.

ಆ ಮೆತ್ತೆಯದೇ ಇನ್ನೊಂದು ಕಥೆ. ಬಟ್ಟೆಬರೆ, ಚಪ್ಪಲಿ, ಪುಸ್ತಕಗಳ ಮೇಲೆ ಬೂಷ್ಟು ಬೆಳೆಯಿಸುವ ನಮ್ಮ ಮಳೆಗಾಲದ ತೇವ ಹೆಡ್‌ಫೋನನ್ನು ಮಾತ್ರ ಬಿಟ್ಟೀತೆ? ಕೃತಕ ಚರ್ಮದ ಮೆತ್ತೆ ಮೊದಲು ಜಿಗುಟಾಗಿ, ಆಮೇಲೆ ಚಕ್ಕೆಚಕ್ಕೆಯಾಗಿ ಸಿಪ್ಪೆಯೆದ್ದು ಕೆನ್ನೆಗೆ ಅಂಟಿಕೊಳ್ಳುತ್ತದೆ. ಒಳಗಿನ ಸ್ಪಂಜು ಪುಡಿಯಾಗಿ ಉದುರುತ್ತದೆ. ಮಕಮಲ್ಲಿನ ಹೊದಿಕೆಯ ಮೇಲೆ ಬಿಳಿಯ ಬೂಷ್ಟು ಹತ್ತುತ್ತದೆ. ಮೆತ್ತೆ ಸವೆದಾಗ ಕಿವಿಯ ಸುತ್ತ ಸಂದು ಬಿದ್ದು ಮಂದ್ರನಾದ ಸೋರಿಹೋಗುತ್ತದೆ, ಇಡೀ ಹೆಡ್‌ಫೋನು ಬಡವಾದಂತೆ ಕೇಳುತ್ತದೆ. ನಾದ ಕೆಟ್ಟಿತೆಂದು ಬೇಸರಗೊಂಡು ಹೊಸದನ್ನು ತರಿಸುವ ಆಲೋಚನೆಯಲ್ಲಿರುವವರು ಮೊದಲು ಈ ಮೆತ್ತೆಯನ್ನು ಒತ್ತಿ ನೋಡಬೇಕು. ಕೆಲವು ನೂರು ರೂಪಾಯಿಯ ಹೊಸ ಮೆತ್ತೆ ಹಾಕಿದರೆ ಹಳೆಯ ಹೆಡ್‌ಫೋನಿಗೆ ಹೋದ ಪ್ರಾಣ ಮರಳುವುದುಂಟು. ಕೊಳ್ಳುವುದೇ ಆದರೆ, ಮೆತ್ತೆ, ತಂತಿ, ತಲೆಪಟ್ಟಿಗಳನ್ನು ಬಿಡಿಯಾಗಿ ಬದಲಿಸಬಹುದಾದ ಮಾದರಿಯನ್ನೇ ಆರಿಸಿಕೊಳ್ಳತಕ್ಕದ್ದು. 1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600 ಇಷ್ಟು ವರ್ಷಗಳ ಮೇಲೂ ಬಳಕೆಯಲ್ಲಿರುವುದಕ್ಕೆ ಅದರ ನಾದ ಎಷ್ಟು ಕಾರಣವೋ ಅದರ ಬಿಡಿಭಾಗಗಳು ದೊರೆಯುವುದೂ ಅಷ್ಟೇ ಕಾರಣ. ತಂತಿಯಿಲ್ಲದ ಹೆಡ್‌ಫೋನುಗಳ ಬ್ಯಾಟರಿಯಾದರೋ ಕೆಲವು ವರ್ಷಗಳಲ್ಲಿ ದಣಿಯುತ್ತದೆ, ಬಹುಪಾಲಿನಲ್ಲಿ ಅದನ್ನು ಬದಲಿಸುವುದು ಸುಲಭವಲ್ಲ. ಅಂಥದಕ್ಕೆ ದೊಡ್ಡ ಮೊತ್ತ ಕೊಡುವಾಗ ಇದನ್ನು ನೆನಪಿನಲ್ಲಿಡಬೇಕು. ಮಳೆಗಾಲದಲ್ಲಿ ಹೆಡ್‌ಫೋನನ್ನು ಗೋಡೆಯ ಮೊಳೆಗೆ ತೂಗಹಾಕದೆ, ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇರಿಸಿದರೆ ಅದರ ಆಯುಸ್ಸು ಬೆಳೆಯುತ್ತದೆ.

ವೆಚ್ಚ ಹೆಡ್‌ಫೋನಿಗೇ ನಿಲ್ಲದೆಂಬುದನ್ನೂ ಗಮನಿಸಬೇಕು. ಮೇಲೆ ಹೇಳಿದ ಎಚ್‌ಡಿ 600ರ ತಡೆ 300 ಓಮ್. ಇಂಥವು ಫೋನಿನ ಅಲ್ಪಶಕ್ತಿಗೆ ಕುಗ್ಗಿದ ದನಿಯಲ್ಲಿ ನುಡಿಯುವುದುಂಟಾದ್ದರಿಂದ ಪ್ರತ್ಯೇಕ ಆಂಪ್ಲಿಫೈಯರ್ ಬೇಕಾದೀತು. ಆಂಪ್ಲಿಫೈಯರಿಗೆ ಕರೆಂಟು ಬೇಕು. ಮರ ಬಿದ್ದು ಲೈನು ಹರಿದ ದಿನಗಳಲ್ಲಿ ಇನ್ವರ್ಟರಿನ ಮೇಲೆ ಅದರ ಭಾರವೂ ಬೀಳುತ್ತದೆ. ಹೂಮಳೆಯ ಕಾಲದ ಗುಡುಗು ಸಿಡಿಲಿನಲ್ಲಿ ಅದರ ಪ್ಲಗ್ಗನ್ನು ಕಿತ್ತಿಡುವ ಅಭ್ಯಾಸವನ್ನೂ ಮಾಡಿಕೊಳ್ಳಬೇಕು.

ಯಂತ್ರದ ವಿಚಾರ ಇಷ್ಟಾಯಿತು. ಕಿವಿಯ ವಿಚಾರವನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ವಯಸ್ಸಾದಂತೆ ತಾರಸ್ಥಾಯಿಯ ತುತ್ತತುದಿಯ ಸ್ವರಗಳು ಕಿವಿಗೆ ಅಗೋಚರವಾಗುತ್ತ ಹೋಗುವುದು ಪ್ರಕೃತಿಧರ್ಮ. ಐವತ್ತು ದಾಟಿದ ಬಹುಮಂದಿಗೆ 15,000 ಹರ್ಟ್ಸಿನ ಮೇಲಣದು ಕೇಳಿಸದು. ಕಳೆ ಹೊಡೆಯುವ ಯಂತ್ರ, ಮರ ಕೊಯ್ಯುವ ಗರಗಸ, ಪಲ್ಪರು — ಇವುಗಳ ಬಳಿ ಹಗಲೆಲ್ಲ ಕಳೆದವರ ಕಿವಿ ಸಂಜೆಗೆ ದಣಿದಿರುತ್ತದೆ, ವರ್ಷಗಟ್ಟಲೆ ರಕ್ಷಣೆಯಿಲ್ಲದೆ ಕಳೆದರೆ ಶಾಶ್ವತವಾಗಿ ಮಂದವಾಗುತ್ತದೆ. ವಾರಕ್ಕೆ 40 ಗಂಟೆಯವರೆಗೆ 80 ಡೆಸಿಬೆಲ್ಲಿನ ಸದ್ದನ್ನು ಕೇಳಬಹುದು, 90 ಡೆಸಿಬೆಲ್ಲಾದರೆ ವಾರಕ್ಕೆ 4 ಗಂಟೆ ಮಾತ್ರ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಮಳೆಯ ಅಬ್ಬರವನ್ನು ಮೀರಬೇಕೆಂದು ದನಿಯನ್ನು ಏರಿಸುತ್ತ ಹೋಗುವವರು ಈ ಮಿತಿಯನ್ನು ಬೇಗನೆ ದಾಟುತ್ತಾರೆ. ಹೊರಸದ್ದನ್ನು ತಡೆಯುವ ಹೆಡ್‌ಫೋನು ಕಡಮೆ ದನಿಯಲ್ಲಿ ಕೇಳಲು ಬಿಡುತ್ತದೆಯಾದ್ದರಿಂದ, ಹೆಚ್ಚು ಹಣ ತೆರುವುದಕ್ಕೆ ಇದು ನಾನು ಒಪ್ಪುವ ಅತ್ಯಂತ ಬಲವಾದ ಕಾರಣಗಳಲ್ಲೊಂದು. ಲಕ್ಷದ ಹೆಡ್‌ಫೋನಿಗೆ ಮನಸ್ಸು ಮಾಡಿರುವ ಹಿರಿಯರು ಅದಕ್ಕೆ ಮೊದಲು ಶ್ರವಣತಜ್ಞರಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿಕೊಂಡರೆ ಒಳಿತು; ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮಗೆ ದೂರವೇನಲ್ಲ.

ಹಾಗಾದರೆ ನಿರ್ಣಯ ಮಾಡುವುದು ಹೇಗೆ? ನಮ್ಮ ಜಿಲ್ಲೆಯವರಿಗೆ ಇದರ ವಿಧಾನವನ್ನು ಹೊರಗಿನವರು ಕಲಿಸಬೇಕಾಗಿಲ್ಲ, ಏಕೆಂದರೆ ಕಾಫಿಯ ಕಪ್ ಟೇಸ್ಟಿಂಗಿನಲ್ಲಿ ಅದು ದಿನವೂ ನಡೆಯುತ್ತಿದೆ. ಅಲ್ಲಿ ಮೇಜಿನ ಮೇಲೆ ಸಾಲಾಗಿ ಇಟ್ಟ ಬಟ್ಟಲುಗಳಿಗೆ ತೋಟದ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಪ್ರತಿಯೊಂದು ಮಾದರಿಗೂ ಒಂದೇ ತೂಕದ ಪುಡಿ, ಒಂದೇ ಹದದ ಹುರಿ, ಒಂದೇ ಬಿಸಿಯ ನೀರು. ನಾಲ್ಕು ನಿಮಿಷ ಕಳೆದ ಮೇಲೆ ತೇಲುವ ಕೆನೆಯನ್ನು ಚಮಚದಿಂದ ಸರಿಸಿ ಮೂಗು ತಾಗಿಸಿ, ಆಮೇಲೆ ಸೊರ್ರನೆ ಹೀರಿ, ಮನಸ್ಸಿಗೆ ಬಂದದ್ದನ್ನು ಬರೆದಿಟ್ಟು ಮುಂದಿನ ಬಟ್ಟಲಿಗೆ ಹೋಗುತ್ತಾರೆ. ಯಾವುದು ಬಾಬಾಬುಡನಗಿರಿಯದು, ಯಾವುದು ಕೊಡಗಿನದು ಎಂಬುದು ಕೊನೆಗೆ ತಿಳಿಯತಕ್ಕ ವಿಷಯ. ಕಾಫಿ ಮಂಡಳಿ 2002ರಲ್ಲಿ ಆರಂಭಿಸಿದ ‘ಫೈನ್ ಕಪ್’ ಸ್ಪರ್ಧೆಯ ಗೌರವ ನಿಂತಿರುವುದೂ ಹೆಸರು ಮುಚ್ಚಿ ನೀಡುವ ಈ ತೀರ್ಪಿನ ಮೇಲೆಯೇ. ತನ್ನ ತೋಟದ ಕಾಫಿಗೆ ಸಮನಾದುದಿಲ್ಲವೆಂದು ನಂಬಿ ಬಂದ ಬೆಳೆಗಾರನೂ ಆ ಮೇಜಿನ ಮುಂದೆ ನಾಲಗೆಯ ಮಾತನ್ನು ಮಾತ್ರ ನಂಬಬೇಕಾಗುತ್ತದೆ.

ಹೆಡ್‌ಫೋನಿಗೂ ಇದೇ ಶಿಸ್ತು ಬೇಕು. ಸ್ನೇಹಿತರಿಂದಲೋ ಬಂಧುಗಳಿಂದಲೋ ದುಬಾರಿಯಾದದ್ದೊಂದನ್ನು ಕೆಲವು ದಿನಗಳಿಗೆ ಕೇಳಿ ಪಡೆಯಿರಿ. ತಾವು ಚೆನ್ನಾಗಿ ಬಲ್ಲ ಹಾಡಿನ ಒಂದೇ ನಿಮಿಷವನ್ನು ಆರಿಸಿಕೊಂಡು, ಎರಡರಲ್ಲಿಯೂ ದನಿಯ ಮಟ್ಟವನ್ನು ಸಮನಾಗಿಸಿರಿ. ಇದನ್ನು ಮರೆತರೆ ಪರೀಕ್ಷೆಯೇ ವ್ಯರ್ಥ. ದನಿ ತಗ್ಗಿದಾಗ ಮಂದ್ರವೂ ತಾರದ ತುದಿಯೂ ನಡುವಣ ಸ್ವರಗಳಿಗಿಂತ ಹೆಚ್ಚಾಗಿ ಕುಗ್ಗಿದಂತೆ ಕಿವಿಗೆ ತೋರುತ್ತವೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಷ್ಟು ಹಿಂದೆಯೇ ತೋರಿಸಿದ್ದಾರೆ. ಆದುದರಿಂದ ಒಂದಿಷ್ಟು ಗಟ್ಟಿಯಾಗಿ ನುಡಿಯುವುದೇ ಶ್ರೇಷ್ಠವಾದುದೆಂಬ ಭ್ರಮೆ ಎಂಥವರಿಗೂ ಆಗುತ್ತದೆ. ಕಣ್ಣು ಮುಚ್ಚಿ, ಮನೆಯವರೊಬ್ಬರು ಒಂದಾದ ಮೇಲೊಂದನ್ನು ತೊಡಿಸುವಂತೆ ಮಾಡಿಕೊಳ್ಳಬಹುದು. ತೂಕದಿಂದಲೂ ಸ್ಪರ್ಶದಿಂದಲೂ ಗುರುತು ಹತ್ತುವುದರಿಂದ ಇದು ಪರಿಪೂರ್ಣವಾದ ಪರೀಕ್ಷೆಯಲ್ಲ. ಹಾರ್ಮನ್ನಿನವರು ಒಂದೇ ಹೆಡ್‌ಫೋನಿನಲ್ಲಿ ಹಲವು ಹೆಡ್‌ಫೋನುಗಳ ನಾದವನ್ನು ಅನುಕರಿಸಿ ಕೇಳಿಸಿದ್ದು ಇದೇ ತೊಡಕನ್ನು ಕಳೆಯುವುದಕ್ಕಾಗಿ. ಒಂದು ವಾರ ಹೊಸದರಲ್ಲಿಯೇ ಕೇಳಿ, ಅನಂತರ ಹಳೆಯದಕ್ಕೆ ಮರಳಿ ನೋಡುವುದು ಇನ್ನೊಂದು ಉಪಾಯ. ಮರಳಿದಾಗ ಏನನ್ನೋ ಕಳೆದುಕೊಂಡ ಕೊರತೆ ಕಾಣದಿದ್ದರೆ ಹಣ ಉಳಿಯಿತೆಂದೇ ಅರ್ಥ.

ಅನುಕರಣೆಯ ಆ ವಿಧಾನದ ಒಂದು ಭಾಗ ನಮ್ಮ ಕೈಯಲ್ಲಿಯೂ ಇದೆ. ಫೋನಿನಲ್ಲಿ ‘ಈಕ್ವಲೈಜರ್’ ಎಂಬ ಏರ್ಪಾಡಿದೆ. ಅದರಿಂದ ಮಂದ್ರವನ್ನು ಒಂದಷ್ಟು ಎತ್ತಿ, ಚುಚ್ಚುವ ತಾರವನ್ನು ಇಳಿಸಿ, ಇರುವ ಹೆಡ್‌ಫೋನಿನ ಸಮತೋಲವನ್ನೇ ತಿದ್ದಿಕೊಳ್ಳಬಹುದು. ಇದಕ್ಕೆ ಖರ್ಚಿಲ್ಲ. ಕೊಳ್ಳುವ ಮೊದಲು ಕೆಲವು ಸಂಜೆ ಇದನ್ನು ತಾಳ್ಮೆಯಿಂದ ತಿರುಗಿಸಿ ನೋಡಿದವರಿಗೆ, ತಮಗೆ ಬೇಕಾದ ನಾದ ಯಾವುದೆಂಬುದಾದರೂ ಸ್ಪಷ್ಟವಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ, ಈಗಿರುವುದರ ದೋಷವನ್ನು ಒಂದು ವಾಕ್ಯದಲ್ಲಿ ಹೆಸರಿಸಬಲ್ಲವನು ಮಾತ್ರ ಹೊಸದನ್ನು ಕೊಳ್ಳಲು ಅರ್ಹನು. ‘ಶ, ಷ, ಸ ಬಂದಲ್ಲೆಲ್ಲ ಕಿವಿ ಇರಿಯುತ್ತದೆ’, ‘ಮೃದಂಗದ ತೊಪ್ಪಿಯೂ ವೀಣೆಯ ಮಂದ್ರತಂತಿಯೂ ಒಂದಾಗಿ ಕಲಸಿಹೋಗುತ್ತವೆ’, ‘ಅರ್ಧ ಗಂಟೆಯಲ್ಲಿ ತಲೆ ಬಿಗಿದು ನೋಯುತ್ತದೆ’ — ಇವು ದೋಷಗಳು. ಇವಕ್ಕೆ ಮದ್ದುಂಟು, ಆ ಮದ್ದು ಎಷ್ಟೋ ವೇಳೆ ಹತ್ತು ಸಾವಿರದೊಳಗೆ ಸಿಗುತ್ತದೆ. ‘ಇನ್ನೂ ಉತ್ತಮವಾದದ್ದು ಇರಬಹುದಲ್ಲವೆ’ ಎಂಬುದು ದೋಷವಲ್ಲ. ಅದಕ್ಕೆ ಯಾವ ಬೆಲೆಯ ಹೆಡ್‌ಫೋನೂ ಉತ್ತರವಾಗದು. ಹದಿನೈದರಿಂದ ಮೂವತ್ತು ಸಾವಿರದೊಳಗೆ, ಮುಚ್ಚಿದ ಬೋಗುಣಿಯ, ಹಗುರವಾದ, ಬಿಡಿಭಾಗ ದೊರೆಯುವ, ಫೋನಿಗೇ ಸರಿಹೋಗುವ ಒಂದು ಹೆಡ್‌ಫೋನು ಮಲೆನಾಡಿನ ಮನೆಗೆ ಯಥೇಷ್ಟ. ಇದಕ್ಕಿಂತ ಮೇಲೆ ಹೋಗುವುದು ಕೆಲವರಿಗೆ ನ್ಯಾಯವಾಗಿಯೇ ಒಪ್ಪುತ್ತದೆ: ದಿನಕ್ಕೆ ಹಲವು ಗಂಟೆ ಕೇಳಿ ಪಾಠ ಮಾಡುವ ಸಂಗೀತ ವಿದ್ಯಾರ್ಥಿಗಳು, ಧ್ವನಿಮುದ್ರಣವನ್ನೇ ಕಸಬಾಗಿ ಮಾಡಿಕೊಂಡವರು, ಪೂರ್ಣಚಂದ್ರ ತೇಜಸ್ವಿಯವರು ಬಾಳಿದ ಮೂಡಿಗೆರೆಯ ಕಾಡುಗಳಲ್ಲಿ ಇಂದಿಗೂ ಮೈಕು ಹಿಡಿದು ನಸುಕಿನಲ್ಲಿ ಸರಳೆ ಸಿಳ್ಳಾರನ ಸಿಳ್ಳನ್ನು ಸೆರೆಹಿಡಿದು, ಮನೆಗೆ ಬಂದು ಅದರ ಒಂದೊಂದು ಎಳೆಯನ್ನೂ ಬಿಡಿಸಿ ಕೇಳುವ ಪಕ್ಷಿಪ್ರಿಯರು. ಅವರಿಗೆ ಅದು ದುಡಿಮೆಯ ಉಪಕರಣ.

ಕೊನೆಯದಾಗಿ ನಮ್ಮ ಬೆಳೆಗಾರರ ಸಂಘಗಳಲ್ಲಿಯೂ, ಕ್ಲಬ್ಬುಗಳಲ್ಲಿಯೂ, ಕಾಲೇಜು ಮತ್ತು ಸಾರ್ವಜನಿಕ ಗ್ರಂಥಾಲಯಗಳ ಆಡಳಿತದವರಲ್ಲಿಯೂ ಒಂದು ಬಿನ್ನಹ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳಲ್ಲಿ ಒಂದೊಂದು ಕಡೆಯಾದರೂ, ಸದ್ದಿಲ್ಲದ ಒಂದು ಮೂಲೆಯಲ್ಲಿ, ಬೇರೆಬೇರೆ ಬೆಲೆಯ ಮೂರು ನಾಲ್ಕು ಒಳ್ಳೆಯ ಹೆಡ್‌ಫೋನುಗಳನ್ನೂ ನಮ್ಮ ಸಂಗೀತಗಾರರ ಶುದ್ಧವಾದ ಧ್ವನಿಮುದ್ರಣಗಳನ್ನೂ ಇರಿಸಿ, ಬಂದವರು ಕುಳಿತು ಕೇಳುವಂತೆ ಮಾಡಿರಿ. ಅದಕ್ಕೆ ತಗಲುವ ವೆಚ್ಚ ಒಂದೆರಡು ಮನೆಗಳವರು ಕೇಳದೆ ಕೊಂಡು ಮೂಲೆಗಿಡುವ ಹೆಡ್‌ಫೋನುಗಳ ಬೆಲೆಯನ್ನು ಮೀರದು. ಕೊಳ್ಳಲಾರದ ಮಕ್ಕಳೂ ಒಮ್ಮೆ ತಂಬೂರಿಯನ್ನು ಅದರ ಪೂರ್ಣಕಾಂತಿಯಲ್ಲಿ ಕೇಳಿಯಾರು. ಅಂಥ ಏರ್ಪಾಡು ಆಗುವವರೆಗೆ, ಓದುಗರೇ, ಬೆಂಗಳೂರಿಗೆ ಹೋಗುವ ಕೆಲಸ ಬಿದ್ದಾಗ ನಿಮ್ಮ ಮೆಚ್ಚಿನ ಹಾಡುಗಳನ್ನು ಫೋನಿನಲ್ಲಿ ತುಂಬಿಕೊಂಡು, ಈಗಿರುವ ಹೆಡ್‌ಫೋನನ್ನೂ ಚೀಲದಲ್ಲಿಟ್ಟುಕೊಂಡು ಹೋಗಿರಿ. ಅಂಗಡಿಯವರು ಎರಡನ್ನೂ ಪಕ್ಕಪಕ್ಕದಲ್ಲಿ ಕೇಳಲು ಬಿಡದಿದ್ದರೆ ಅಲ್ಲಿ ಕೊಳ್ಳಬೇಡಿರಿ.